ಲಾಜರನ ಭಾನುವಾರ

ಕಳೆದ ತಿಂಗಳು ಕಳಸದ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಕೂತಿದ್ದೆ. ಪಕ್ಕದ ಮೇಜಿನಲ್ಲಿ ಮೂವತ್ತರ ಆಸುಪಾಸಿನ ಇಬ್ಬರು ಪೇಪರ್ ಹರಡಿಕೊಂಡಿದ್ದರು. ಒಳಪುಟದ ಮೂಲೆಯಲ್ಲಿ ಒಂದು ಸಾವಿನ ಸುದ್ದಿ, ಅಂಚೆಚೀಟಿಯಷ್ಟು ಫೋಟೋ: ಹಿರಿಯ ಕಾರ್ಮಿಕ ಮುಖಂಡ ಲಾಜರ್ ನಿಧನ.

"ಯಾರೋ ಇದು?" ಎಂದು ಒಬ್ಬ ಕೇಳಿದ.

"ಗೊತ್ತಿಲ್ವಾ? ಹಿಂದೆ ಎಸ್ಟೇಟ್ ಯೂನಿಯನ್ ಲೀಡ್ರು ಮಾರಾಯ. ತೋಟದೋರನ್ನೆಲ್ಲ ಕ್ರಿಶ್ಚಿಯನ್ ಮಾಡಕ್ಕೆ ಹೊರಟಿದ್ನಂತೆ. ಭಾನುವಾರ ರಜ ಮಾಡ್ಸಿ, ಲಾರಿ ಕಳ್ಸಿ, ಲೈನಿನ ಜನಾನ ಚರ್ಚಿಗೆ ತುಂಬ್ಕೊಂಡು ಹೋಗ್ತಿದ್ನಂತೆ. ನಮ್ಮಜ್ಜ ಹೇಳ್ತಿದ್ರು."

"ಆಮೇಲೆ?"

"ಆಮೇಲೇನು, ಜನ ಉಗಿದು ಓಡ್ಸಿದ್ರು."

ಲಾರಿಯ ವಿಷಯ ನನಗೆ ಹೊಸದು. ಅದನ್ನು ಯಾರೋ ಆಮೇಲೆ ಸೇರಿಸಿದ್ದಾರೆ. ಉಳಿದದ್ದು ನನ್ನದು. ಎದ್ದು ಹೋಗಿ "ಅದು ಸುಳ್ಳು ಕಣಪ್ಪ, ನನಗೆ ಗೊತ್ತು" ಎನ್ನಬಹುದಿತ್ತು. ಸುಮ್ಮನೆ ಹೊರಗೆ ಬಂದೆ. ಸುಮ್ಮನಿರುವುದರಲ್ಲಿ ನನಗೆ ಹಳೆಯ ಅಭ್ಯಾಸವಿದೆ. ಆ ಅಭ್ಯಾಸ ಶುರುವಾದ ಒಂದು ಕೊಯ್ಲಿನ ಕಾಲವನ್ನು ಈಗ ಬರೆಯುತ್ತಿದ್ದೇನೆ. ಆಗ ನನಗೆ ಮೂವತ್ತೊಂದು. ಈಗ ಎಪ್ಪತ್ತು ದಾಟಿದೆ.

ಮೊದಲೇ ಹೇಳಿಬಿಡುತ್ತೇನೆ, ಲಾಜರ್ ಒಳ್ಳೆಯವನಾಗಿದ್ದ ಎಂದು ಯಾರೂ ತಿಳಿಯಬೇಕಾಗಿಲ್ಲ. ಎದುರಿಗೆ ನಾನು ಲಾಜರಣ್ಣ ಎನ್ನುತ್ತಿದ್ದೆ, ಮನಸ್ಸಿನಲ್ಲಿ ಯಾವತ್ತೂ ಅವನು ಎಂದೇ. ಈಗ ಸತ್ತಿದ್ದಾನೆಂದು ಬದಲಾಯಿಸಿದರೆ ಅದೊಂದು ನಾಟಕವಾಗುತ್ತದೆ.

ಅವನ ಅಪ್ಪ ಘಟ್ಟದ ಕೆಳಗಿನಿಂದ ಬಂದು ಬಿಳಿಮಕ್ಕಿ ಎಸ್ಟೇಟಿನಲ್ಲಿ ಬಡಗಿಯಾಗಿದ್ದ. ಲಾಜರ್ ಅದೇ ಎಸ್ಟೇಟಿನ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಮಳೆಗಾಲಕ್ಕೆ ಮೊದಲು ಆಳಿಗೊಂದು ಕಂಬಳಿ ಕೊಡುವುದು ತೋಟಗಳ ವಾಡಿಕೆ. ಒಂದು ವರ್ಷ ಬಿಳಿಮಕ್ಕಿಯಲ್ಲಿ ಕಂಬಳಿ ಬಿಟ್ಟು ಪ್ಲಾಸ್ಟಿಕ್ ಹಾಳೆ ಹಂಚಲು ತರಿಸಿದರು. ಲಾಜರ್ ಆ ಹಾಳೆಗಳನ್ನು ಟ್ರ್ಯಾಕ್ಟರಿಗೆ ಹೇರಿ, ಆಳುಗಳ ಮನೆಸಾಲಾದ ಲೈನಿಗೆ ಹೋಗುವ ಬದಲು ಬಂಗಲೆಯ ಅಂಗಳಕ್ಕೆ ಓಡಿಸಿ, ಅಲ್ಲೇ ಸುರಿದು, "ಸಾವ್ಕಾರ್ರೇ, ಈ ಸಲ ನೀವೂ ಇದನ್ನೇ ಹೊದ್ಕಳಿ" ಎಂದ. ಬೆಳಿಗ್ಗೆ ಅವನ ಕೆಲಸ ಹೋಯಿತು. ಸಂಜೆ ಅವನು ಲೀಡರ್ ಆಗಿದ್ದ. ವಾರದೊಳಗೆ ಕಂಬಳಿ ಬಂತು.

ಅದು ಧೈರ್ಯ, ಇಲ್ಲ ಎನ್ನುವುದಿಲ್ಲ. ಆದರೆ ಆ ಒಂದು ದಿನದ ಧೈರ್ಯವನ್ನು ಅವನು ಹದಿನೈದು ವರ್ಷ ಕೂತು ತಿಂದ. ಕೆಂಪು ಮಣ್ಣಿನ ಊರಿನಲ್ಲಿ ಬಿಳಿ ಪ್ಯಾಂಟು, ಬಿಳಿ ಶರಟು ಹಾಕುತ್ತಿದ್ದ. ಮಣ್ಣು ಮೆಟ್ಟುವ ಕೆಲಸ ತನಗಿಲ್ಲ ಎಂದು ತೋರಿಸುವುದಕ್ಕೆ. ಬಂಗಲೆಗಳಿಗೆ ಮುಂಬಾಗಿಲಿನಿಂದ ಹೋಗಿ ಸಾಹುಕಾರರ ಎದುರು ಕುರ್ಚಿಯಲ್ಲಿ ಕೂತು ನಗುತ್ತಿದ್ದ. ಹೊರಗೆ ಗೇಟಿನ ಹತ್ತಿರ ಬರುವಾಗ ಸೆಂಟಿನ ಕರ್ಚೀಫಿನಿಂದ ಆ ನಗುವನ್ನು ಒರೆಸಿಕೊಂಡು, ಕಾಯುತ್ತಿದ್ದ ಜನರ ಮುಂದೆ ಗುಡುಗುತ್ತಿದ್ದ. ಏಲಕ್ಕಿ ಹಾರ ಹಾಕದಿದ್ದರೆ ಅವನ ಭಾಷಣ ಅರ್ಧ ಗಂಟೆಗೇ ಮುಗಿಯುತ್ತಿತ್ತು. ಹಾರ ಹಾಕಿದರೆ ಎರಡು ಗಂಟೆ.

ಚುನಾವಣೆ ಹತ್ತಿರ ಬಂದರೆ ಎರಡೂ ಪಕ್ಷದವರ ಜೀಪು ಬೆಳಿಗ್ಗೆಯೇ ಅವನ ಮನೆ ಮುಂದೆ. ಅವನು ನಿಧಾನವಾಗಿ ಶೇವ್ ಮಾಡಿಕೊಳ್ಳುತ್ತ ಅವರನ್ನು ಕಾಯಿಸುತ್ತಿದ್ದ. ಇಂಥವರಿಗೆ ಓಟು ಹಾಕಿ ಎಂದು ಭಾಷಣದಲ್ಲಿ ಯಾವತ್ತೂ ಹೇಳಿದವನಲ್ಲ. ಓಟಿನ ಹಿಂದಿನ ದಿನ ಯಾರ ಜೀಪಿನ ಮುಂದಿನ ಸೀಟಿನಲ್ಲಿ ಕೂತು ಲೈನು ಸುತ್ತುತ್ತಾನೋ ಅವರಿಗೆ ಓಟು, ಅಷ್ಟೇ. ಹಾಗೆ ಇಬ್ಬರನ್ನು ಎಂಎಲ್‌ಎ ಮಾಡಿದ, ಒಬ್ಬನನ್ನು ಮನೆಗೆ ಕಳಿಸಿದ.

ಧರ್ಮದ ವಿಷಯದಲ್ಲಿ ಅವನಷ್ಟು ಸೋಮಾರಿಯನ್ನು ನಾನು ನೋಡಿಲ್ಲ. ಕ್ರಿಸ್‌ಮಸ್ಸಿಗೆ ಒಂದು ಸಲ, ಇಗರ್ಜಿಯ ವಾರ್ಷಿಕ ಹಬ್ಬಕ್ಕೆ ಒಂದು ಸಲ, ಅಷ್ಟೇ ಅವನ ಪೂಜೆ. ಉಳಿದ ಭಾನುವಾರ ಒಂಬತ್ತರವರೆಗೆ ನಿದ್ದೆ. ಒಮ್ಮೆ ಪಾದ್ರಿಗಳು ಯೂನಿಯನ್ ಆಫೀಸಿಗೇ ಬಂದು, "ಏನು ಲಾಜರ್, ದೇವರ ಮನೆ ದಾರಿ ಮರ್ತೋಯ್ತಾ?" ಎಂದು ಕೇಳಿದರು. "ಇಗರ್ಜಿಗೆ ಬಂದ್ರೆ ನೀವು ಮಾತಾಡ್ತೀರಿ, ನಾನು ಕೇಳ್ಬೇಕಾಗ್ತದೆ ಫಾದರ್. ನಂಗೆ ಅದು ಅಭ್ಯಾಸ ಇಲ್ಲ" ಎಂದ.

ಇಂಥವನ ಹತ್ತಿರ ನಾನೇಕೆ ಇದ್ದೆ? ನಮ್ಮಪ್ಪನಿಗೆ ವಸ್ತಾರೆಯಲ್ಲಿ ದಿನಸಿ ಅಂಗಡಿ. ವಾರವಾರ ಬೆಲ್ಲ, ಉಪ್ಪು ಹೇರಿಕೊಂಡು ಸಂತೆಗಳಿಗೆ ಹೋಗುತ್ತಿದ್ದರು. ಎಸ್‌ಎಸ್‌ಎಲ್‌ಸಿ ಪಾಸಾದವನು ಗೋಣಿ ಹಾಸಿಕೊಂಡು ಸಂತೆಯಲ್ಲಿ ಕೂಗುವುದೇ ಎಂದು ನನಗೆ ನಾಚಿಕೆ. ಅಕ್ಷರ ಚೆನ್ನಾಗಿತ್ತು. ಮೂಡಿಗೆರೆಯ ಯೂನಿಯನ್ ಆಫೀಸಿನಲ್ಲಿ ಬರೆಯುವವನು ಬೇಕು ಎಂದು ಕೇಳಿ ಹೋದೆ. ಅವನ ಮನವಿ, ಕಾಗದ, ಭಾಷಣ ಎಲ್ಲ ನಾನೇ ಬರೆಯುತ್ತಿದ್ದೆ. "ನಮ್ ರುದ್ರ ನನ್ನ ಬಲಗೈ" ಎಂದು ಎಲ್ಲರ ಮುಂದೆ ಬೆನ್ನು ತಟ್ಟುತ್ತಿದ್ದ. ಬಲಗೈ ಎಂದರೆ ಬರೆಯುವ ಕೈ. ಚಪ್ಪಾಳೆ ಬೀಳುವುದು ಬಾಯಿಗೆ.

ಆ ವರ್ಷ ಹಣ್ಣು ಬೇಗ ಬಂತು. ದೀಪಾವಳಿ ಮುಗಿಯುವ ಹೊತ್ತಿಗೇ ಅರೇಬಿಕಾ ಗಿಡಗಳು ಕೆಂಪಾಗಿದ್ದವು. ಬೆಳಗಿನ ಇಬ್ಬನಿಯಲ್ಲಿ ಸೊಂಟಕ್ಕೆ ಚೀಲ ಕಟ್ಟಿಕೊಂಡು ಹೆಂಗಸರು ತೋಟಕ್ಕೆ ಇಳಿದರೆ ಅವರ ಸೀರೆ ಮಧ್ಯಾಹ್ನದವರೆಗೆ ಒಣಗುತ್ತಿರಲಿಲ್ಲ. ಎಲ್ಲ ಎಸ್ಟೇಟಿನಲ್ಲೂ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಸದ್ದು, ಹಳ್ಳದ ನೀರಿಗೆಲ್ಲ ಹುಳಿತ ಸಿಪ್ಪೆಯ ವಾಸನೆ. ಹಣ್ಣು ಉದುರುವ ಮೊದಲು ಕೊಯ್ಯಬೇಕು, ಅಕಾಲದ ಮಳೆ ಬರುವ ಮೊದಲು ಒಣಗಿಸಬೇಕು ಎಂದು ಸಾಹುಕಾರರು ತುದಿಗಾಲಿನಲ್ಲಿ ನಿಂತಿರುವ ಕಾಲ ಅದು. ಯೂನಿಯನ್ ಏನಾದರೂ ಕೇಳುವುದಿದ್ದರೆ ಅದೇ ಸಮಯ.

ಬೇಸಿಗೆ ಕಳೆದರೆ ಚುನಾವಣೆ. ಈ ಸಲ ಲಾಜರನಿಗೆ ತಾನೇ ನಿಲ್ಲುವ ಆಸೆ ಹತ್ತಿತ್ತು. ಒಂದು ಪಕ್ಷದವರು ಬೆಂಗಳೂರಿನಿಂದ ಹೇಳಿ ಕಳಿಸಿದ್ದರು: ಎಲ್ಲ ತೋಟದ ಜನರನ್ನು ಒಂದೇ ದಿನ, ಒಂದೇ ಮೈದಾನದಲ್ಲಿ ತೋರಿಸು, ಟಿಕೆಟ್ ಕೊಡುತ್ತೇವೆ. ಅಲ್ಲೇ ಇದ್ದದ್ದು ತೊಡಕು. ತೋಟಗಳಲ್ಲಿ ವಾರದ ರಜ ಎಂದರೆ ಹತ್ತಿರದ ಊರಿನ ಸಂತೆಯ ದಿನ. ಒಂದು ಕಡೆ ಸೋಮವಾರ, ಇನ್ನೊಂದು ಕಡೆ ಬುಧವಾರ, ಬಿಳಿಮಕ್ಕಿಯ ಕಡೆ ಶುಕ್ರವಾರ. ಈ ತೋಟದವರು ಮನೆಯಲ್ಲಿದ್ದಾಗ ಆ ತೋಟದವರು ಗಿಡದ ಬುಡದಲ್ಲಿ. ಎಲ್ಲರೂ ಒಟ್ಟಿಗೆ ಸೇರುವುದು ಎಂಬುದೇ ಇಲ್ಲ. ಸಾಹುಕಾರರಿಗೆ ಅದು ಬಹಳ ಅನುಕೂಲ.

"ಎಲ್ಲಾರಿಗೂ ಒಂದೇ ದಿನ ರಜ ಬೇಕು ಅಂತ ಕೇಳೋಣ ಲಾಜರಣ್ಣ" ಎಂದೆ ನಾನು. "ಭಾನುವಾರ."

ಅವನು ಕೂಡಲೇ ತಲೆ ಅಲ್ಲಾಡಿಸಿದ. "ಭಾನುವಾರ ಬೇಡ."

"ಯಾಕೆ?"

"ನೀ ಹೇಳಿದ್ರೆ ರಜ ಅಂತಾರೆ. ನಾ ಹೇಳಿದ್ರೆ ಪೂಜೆ ಅಂತಾರೆ. ನಾನು ಕ್ರಿಶ್ಚಿಯನ್ ಅನ್ನೋದು ನಂಗೆ ಮರ್ತೋದ್ರೂ ಊರಿಗೆ ಮರೆಯಲ್ಲ ಮಾರಾಯ."

ಅವನ ಬಾಯಿಂದ ನಾನು ಕೇಳಿದ ಬುದ್ಧಿಯ ಮಾತು ಅದೊಂದೇ. ನಾನು ಬಿಡಲಿಲ್ಲ. "ಬ್ಯಾಂಕಿಗೆ ಭಾನುವಾರ ರಜ, ಸರ್ಕಾರಿ ಆಫೀಸಿಗೆ ರಜ. ಡಿಸಿ ಸಾಹೇಬ್ರೇನು ಪೂಜೆಗೆ ಹೋಗ್ತಾರಾ? ಶಾಲೆಗೂ ಅವತ್ತೇ ರಜ. ಈಗ ಅಮ್ಮ ಮನೇಲಿದ್ದ ದಿನ ಮಕ್ಕಳು ಶಾಲೇಲಿ, ಮಕ್ಕಳು ಮನೇಲಿದ್ದ ದಿನ ಅಮ್ಮ ತೋಟದಲ್ಲಿ. ವಾರಕ್ಕೊಂದಿನ ಆದ್ರೂ ತಾಯಿ ಮಕ್ಕಳು ಒಟ್ಟಿಗೆ ಇರ್ಲಿ."

ಕಿಟಕಿಯ ಕಡೆ ನೋಡುತ್ತಿದ್ದವನು ತಿರುಗಿದ. "ಇನ್ನೊಂದ್ಸಲ ಹೇಳು."

ಹೇಳಿದೆ.

"ಚೆನ್ನಾಗಿದೆ. ಬರ್ಕೋ."

ಸಂತೆ ಯಾವಾಗ ಮಾಡುತ್ತಾರೆ ಎಂದು ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅವನ ಮನೆಯ ಸಂತೆ ಚೀಲ ಅವನ ಹೆಂಡತಿ ಸೆವ್ರಿನ್ ಬಾಯಿಯದು. ನಾನು ಸಂತೆಯ ಹೆಸರಿಗೇ ಮೂಗು ಮುರಿದು ಬಂದವನು. ಬಡವರ ಪರವಾಗಿ ಹೋರಾಡುತ್ತಿದ್ದ ನಮ್ಮಿಬ್ಬರಿಗೂ ಬಡವರು ಒಣಮೀನು ಯಾವತ್ತು ಕೊಳ್ಳುತ್ತಾರೆ ಎಂಬುದು ತಲೆಗೆ ಬರಲಿಲ್ಲ.

ಮೂಡಿಗೆರೆಯ ಸಭೆಯಲ್ಲಿ ಲಾಜರ್ ಹಾರದೊಳಗಿಂದ ಮುಖ ಎತ್ತಿ, ಗಂಟಲು ನಡುಗಿಸಿ ಹೇಳಿದ: "ಮೊನ್ನೆ ಒಂದು ಲೈನಿನ ಮುಂದೆ ಒಬ್ಬ ತಾಯಿ ಅಳ್ತಾ ಕೂತಿದ್ದು ನೋಡ್ದೆ. ಯಾಕಮ್ಮಾ ಅಂದೆ. ಮಗು ಮುಖ ನೋಡಿ ವಾರ ಆಯ್ತು ಅಣ್ಣಾ ಅಂದ್ಲು. ಅವತ್ತೇ ನನ್ನ ತಲೆಗೆ ಹೊಳೀತು. ವಾರಕ್ಕೊಂದಿನ ತಾಯಿ ಮಕ್ಕಳು ಒಟ್ಟಿಗೆ ಇರ್ಬೇಕು!"

ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಹೆಂಗಸರು ಸೆರಗಿನಿಂದ ಕಣ್ಣು ಒತ್ತಿಕೊಂಡರು. ಅಳುವ ತಾಯಿ ಯಾರೂ ಇರಲಿಲ್ಲ. ಇದ್ದವನು ನಾನು, ಅವನ ಹಿಂದೆ, ಅವನು ತೆಗೆದು ತೆಗೆದು ಕೊಡುತ್ತಿದ್ದ ಹಾರಗಳ ಬುಟ್ಟಿ ಹಿಡಿದುಕೊಂಡು. ಕೆಳಗೆ ಇಳಿದವನು "ಹೆಂಗಿತ್ತು?" ಎಂದು ಕೇಳಿದ. "ಚೆನ್ನಾಗಿತ್ತು ಲಾಜರಣ್ಣ" ಎಂದೆ. ಆ ಕ್ಷಣಕ್ಕೆ ಅವನನ್ನು ನಾನು ದ್ವೇಷಿಸಿದೆ. ದ್ವೇಷಿಸುತ್ತಲೇ ಹಾರದ ಬುಟ್ಟಿಯನ್ನು ಆಫೀಸಿನವರೆಗೆ ಹೊತ್ತು ತಂದೆ.

ಮುಂದಿನ ವಾರ ಚಿಕ್ಕಮಗಳೂರಿನ ಲೇಬರ್ ಆಫೀಸಿನಲ್ಲಿ ಮಾತುಕತೆ. ಸಾಹುಕಾರರ ಕಡೆಯಿಂದ ಬಂದವರು ಬಿಳಿಮಕ್ಕಿ ಗೌಡರು. ಆ ಭಾಗದ ದೊಡ್ಡ ತೋಟ ಅವರದು. ಕೊಯ್ಲು ಮುಗಿಯುವವರೆಗೆ ಪ್ರಯೋಗಕ್ಕೆ ಭಾನುವಾರ ರಜ ಕೊಡೋಣ ಎಂದು ಒಂದೇ ಸಿಟ್ಟಿಂಗಿನಲ್ಲಿ ಒಪ್ಪಿಬಿಟ್ಟರು. ಲಾಜರ್ ಮೀಸೆ ತಿರುವಿಕೊಂಡು ಪೇಪರಿನವರಿಗೆ ಫೋಟೋ ಕೊಡಲು ಪೇಟೆಯಲ್ಲೇ ಉಳಿದ. ಗೌಡರು ನನ್ನನ್ನು ವಸ್ತಾರೆಯವರೆಗೆ ಜೀಪಿನಲ್ಲಿ ಬಿಡುತ್ತೇನೆ ಎಂದು ಕರೆದರು.

"ನಾವ್ಯಾಕೆ ಅಷ್ಟು ಸಲೀಸಾಗಿ ಒಪ್ಪಿದ್ವಿ ಗೊತ್ತಾ ರುದ್ರಪ್ಪ?" ಎಂದರು ದಾರಿಯಲ್ಲಿ.

"ಗೊತ್ತಿಲ್ಲ ಸರ್."

"ನಿಮ್ಮ ಲೀಡ್ರು ಜೀವಮಾನದಲ್ಲಿ ಒಂದ್ಸಲ ಆದ್ರೂ ಸಂತೆಗೆ ಹೋಗಿದಾರಾ?"

ಆಗ ನನಗೆ ಹೊಳೆಯಿತು. ಬೆಲ್ಲ ಮಾರಿದವರ ಮಗನಿಗೆ, ಅಷ್ಟು ತಡವಾಗಿ. ಸಂತೆ ಶುಕ್ರವಾರ, ರಜ ಭಾನುವಾರ. ಜನ ಏನು ತಿನ್ನಬೇಕು?

ಗೌಡರು ಸ್ಟೇರಿಂಗ್ ತಿರುಗಿಸುತ್ತ ನಕ್ಕರು. "ಅಲ್ಲ, ವಾರಕ್ಕೆ ಏಳು ದಿನ ಇದೆ. ಅವ್ರಿಗೆ ಭಾನುವಾರದ ಮೇಲೇ ಯಾಕಪ್ಪ ಅಷ್ಟು ಪ್ರೀತಿ?"

"ಅದು ನನ್ನ ಯೋಚನೆ ಸರ್" ಎಂದು ನಾನು ಹೇಳಬೇಕಾಗಿತ್ತು. ಹೇಳಲಿಲ್ಲ. ನಾನೂ ನಕ್ಕೆ. ಗೌಡರು ಆ ನಗುವನ್ನು ಕನ್ನಡಿಯಲ್ಲಿ ನೋಡಿದರು. ವಸ್ತಾರೆಯಲ್ಲಿ ಇಳಿಯುವಾಗ, "ಹಾಜರಿ, ಲೆಕ್ಕ ಬರೆಯೋಕೆ ನಮ್ಮ ತೋಟಕ್ಕೆ ಒಬ್ಬ ಒಳ್ಳೆ ರೈಟರ್ ಬೇಕು ಕಣಯ್ಯ, ಯಾರಾದ್ರೂ ಇದ್ರೆ ಹೇಳು" ಎಂದು ಹೊರಟುಹೋದರು.

ಮರುದಿನ ನಾನು ಲಾಜರನಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಸಂತೆಯ ದಿನ ಅರ್ಧ ದಿನದ ಬಿಡುವು ಕೇಳಬಹುದಿತ್ತು, ಇನ್ನೇನಾದರೂ ದಾರಿ ಹುಡುಕಬಹುದಿತ್ತು. ನಾನು ಆಫೀಸಿಗೆ ಹೋಗಿ, ಪೇಪರಿನಲ್ಲಿ ಬಂದ ಅವನ ಫೋಟೋ ಕತ್ತರಿಸಿ ಫೈಲಿಗೆ ಅಂಟಿಸಿದೆ. ಬೀಳಲಿ ಎಂದುಕೊಂಡೆ. ಅಳುವ ತಾಯಿ ಬಂದು ಎತ್ತಲಿ.

ಮೊದಲ ಭಾನುವಾರ ಮೈದಾನ ತುಂಬಿತು. ಅಷ್ಟೂ ತೋಟದ ಜನ ಒಬ್ಬರ ಮುಖ ಒಬ್ಬರು ನೋಡಿದ್ದು ಅದೇ ಮೊದಲು. ಅಕ್ಕತಂಗಿಯರು ಬೇರೆ ಬೇರೆ ತೋಟಕ್ಕೆ ಮದುವೆಯಾಗಿ ಹೋದವರು ಕೈ ಹಿಡಿದುಕೊಂಡು ಓಡಾಡಿದರು. ಬೆಂಗಳೂರಿನಿಂದ ಬಂದ ಪಕ್ಷದವನು ವೇದಿಕೆಯ ಮೇಲೇ ಲಾಜರನ ಕಿವಿಯಲ್ಲಿ, "ಟಿಕೆಟ್ ನಿಮ್ದೇ ಅಂದ್ಕೊಳಿ" ಎಂದ. ಪಕ್ಕದಲ್ಲಿದ್ದ ನನಗೂ ಕೇಳಿಸಿತು.

ಆಮೇಲೆ ಶುಕ್ರವಾರ ಬಂತು. ಹೆಂಗಸರು ಬರೆಯ ಇಳಿಜಾರಿನಲ್ಲಿ ಹಣ್ಣು ಕೊಯ್ಯುತ್ತಿದ್ದರೆ ಕೆಳಗಿನ ರಸ್ತೆಯಲ್ಲಿ ಸಂತೆಯ ಬಸ್ಸುಗಳು ಹಾರ್ನ್ ಹಾಕುತ್ತ ಹೋಗುತ್ತಿದ್ದವು. ಕೆಲಸ ಬಿಟ್ಟು ಓಡಿದವರಿಗೆ ಸಿಕ್ಕಿದ್ದು ಬಾಡಿದ ಸೊಪ್ಪು, ಒಣಮೀನಿನ ಬುಟ್ಟಿಯ ತಳದ ಚೂರು. ಎರಡನೇ ಶುಕ್ರವಾರ ಅದೂ ಇಲ್ಲ.

ಬಿಳಿಮಕ್ಕಿ ಲೈನಿನ ಗುರುವಮ್ಮ ಯೂನಿಯನ್ ಆಫೀಸಿಗೆ ಬಂದಳು. ಐ‌ವತ್ತು ದಾಟಿದ ಹೆಂಗಸು. ಕಂಬಳಿಯ ಗಲಾಟೆಯಲ್ಲಿ ಟ್ರ್ಯಾಕ್ಟರ್ ಹತ್ತಿ ಪ್ಲಾಸ್ಟಿಕ್ ಕೆಳಗೆ ಎಳೆದು ಹಾಕಿದವಳು ಅವಳೇ. ಲಾಜರ್ ಎಂದರೆ ಅವಳಿಗೆ ದೇವರ ಕೆಳಗೆ, ಗಂಡನ ಮೇಲೆ.

"ಲೀಡ್ರೆಲ್ಲಿ?"

"ಚಿಕ್ಕಮಗಳೂರಿಗೆ ಹೋಗಿದಾರೆ."

"ಹಂಗಾದ್ರೆ ನೀವೇ ಹೇಳಿ ರುದ್ರಣ್ಣ. ಭಾನುವಾರ ರಜ ಕೊಡ್ಸಿದ್ರಿ, ಸಂತೆ ಯಾರು ಮಾಡ್ತಾರೆ, ನಿಮ್ಮ ಲೀಡ್ರ ಬಿಳಿ ಪ್ಯಾಂಟಾ? ತಾಯಿ ಮಕ್ಕಳು ಒಟ್ಟಿಗೆ ಕೂತಿದೀವಿ, ಒಲೆ ಮೇಲೆ ಬರೀ ನೀರು. ಅವ್ರಿಗೆ ಗೊತ್ತಾಗ್ಲಿಲ್ಲ, ಬಿಡಿ. ನಿಮ್ಮಪ್ಪ ಸಂತೇಲಿ ಬೆಲ್ಲ ಮಾರಿದೋರು. ನಿಮಗಾದ್ರೂ ತಿಳೀಬಾರ್ದಾ?"

ತಪ್ಪು ನನ್ನದು ಎಂದು ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ನನಗೆ ಮತ್ತೆ ಸಿಗಲಿಲ್ಲ. ಆಫೀಸಿನಲ್ಲಿ ನಾವಿಬ್ಬರೇ ಇದ್ದೆವು. ಅವಳು ಬೈದು, ಎರಡು ದಿನಕ್ಕೆ ಮರೆಯುತ್ತಿದ್ದಳು. ನಾನು ಪೆನ್ನಿನ ಮುಚ್ಚಳ ಹಾಕುತ್ತ, "ನಾನೇನ್ ಮಾಡ್ಲಿ ಗುರುವಮ್ಮ? ಬೇರೆ ದಿನ ಇರ್ಲಿಲ್ವಾ, ಭಾನುವಾರಾನೇ ಯಾಕೆ ಅಂತ ನಾನೂ ಯೋಚ್ನೆ ಮಾಡ್ತಿದೀನಿ" ಎಂದೆ.

"ಯಾಕೆ?"

"ನಂಗೇನ್ ಗೊತ್ತು. ಭಾನುವಾರ ಅವ್ರ ಇಗರ್ಜಿ ದಿನ ಅಲ್ವಾ."

ಆ ಕೊನೆಯ ಮಾತಿನಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಯಾವ ಕೋರ್ಟಿನಲ್ಲಿ ನಿಲ್ಲಿಸಿದರೂ ನಾನು ಗೆದ್ದು ಬರುತ್ತೇನೆ. ಇಷ್ಟು ವರ್ಷ ಅದನ್ನೇ ನೆಚ್ಚಿಕೊಂಡು ಬದುಕಿದೆ.

ಗುರುವಮ್ಮ ನನ್ನನ್ನು ನೋಡಿದಳು. "ಥೂ, ನಮ್ಮ ಲೀಡ್ರು ಅಂಥೋರಲ್ಲ" ಎಂದು ಎದ್ದು ಹೋದಳು. ಅವಳು ನಂಬಲಿಲ್ಲ. ಆದರೆ ಬಾಯಿ ಮುಚ್ಚಿಕೊಂಡಿರುವವಳೂ ಅಲ್ಲ. "ಯಾರೋ ಹಿಂಗಂತಾರೆ, ನೀವ್ಯಾರೂ ನಂಬ್ಬೇಡಿ" ಎಂದು ಲೈನು ಲೈನಿಗೆ ಹೋಗಿ ಹೇಳಿದಳು. ಹರಡುವುದಕ್ಕೆ ಅದಕ್ಕಿಂತ ಒಳ್ಳೆಯ ವ್ಯವಸ್ಥೆ ಗೌಡರೂ ಮಾಡುತ್ತಿರಲಿಲ್ಲ.

ಹೊಟ್ಟೆ ಉರಿಯುತ್ತಿದ್ದ ಜನರಿಗೆ ಕಾರಣವೊಂದು ಬೇಕಾಗಿತ್ತು. ಲಾಜರ್ ಮರೆತ ಎಂದರೆ ಅದು ಸಣ್ಣ ಕಾರಣ. ಲಾಜರ್ ಬೇಕೆಂದೇ ಮಾಡಿದ ಎಂದರೆ ಅದರಲ್ಲಿ ಒಂದು ರುಚಿ ಇತ್ತು. ಒಂದು ಲೈನಿನಲ್ಲಿ ಪಾದ್ರಿಗಳು ಬಂದು ಹೆಸರು ಬರೆದುಕೊಂಡರಂತೆ ಎಂದರು. ಇನ್ನೊಂದು ಲೈನಿನಲ್ಲಿ ಸೀರೆ ಕೊಡುತ್ತಾರಂತೆ ಎಂದರು. ಕ್ಯಾಲೆಂಡರಿನಲ್ಲಿ ಭಾನುವಾರಕ್ಕೆ ಕೆಂಪು ಬಣ್ಣ ಹಾಕಿಸಿದ್ದೂ ಲಾಜರನೇ ಎಂಬಂತೆ ಮಾತಾಡತೊಡಗಿದರು. ಇಷ್ಟು ಪೆದ್ದ ಜನ ಎಂದು ನಾನು ಒಳಗೊಳಗೇ ನಗುತ್ತಿದ್ದೆ. ಅವರನ್ನು ಪೆದ್ದರನ್ನಾಗಿ ಮಾಡಿದವನು ನಾನು ಎಂಬುದು ನಗುವಿಗೆ ಅಡ್ಡ ಬರಲಿಲ್ಲ.

ನಾಲ್ಕನೇ ಭಾನುವಾರ ಮತ್ತೆ ಸಭೆ. ಪಕ್ಷದವನು ಇನ್ನೂ ದೊಡ್ಡ ಒಬ್ಬನನ್ನು ಕರೆದುಕೊಂಡು ಬಂದಿದ್ದ. ಮೈದಾನದಲ್ಲಿ ಮೂವತ್ತು ನಲವತ್ತು ಜನ. ಉಳಿದವರು ತಮ್ಮ ತಮ್ಮ ಸಂತೆಯ ದಿನವೇ ಕೆಲಸಕ್ಕೆ ಹೋಗದೆ ಸಂತೆ ಮಾಡಿ, ಭಾನುವಾರ ಕೊಯ್ಲಿಗೆ ಇಳಿದಿದ್ದರು. ಗೌಡರು ದೊಡ್ಡ ಉಪಕಾರ ಮಾಡುವವರಂತೆ ಗೇಟು ತೆಗೆಸಿದ್ದರಂತೆ. ದೊಡ್ಡ ಮನುಷ್ಯ ಕಾರಿನಿಂದ ಇಳಿಯಲೇ ಇಲ್ಲ, ಗಾಜು ಏರಿಸಿಕೊಂಡು ಕೂತ. ಲಾಜರ್ ಲಾರಿಯ ಮೇಲೆ ಕಟ್ಟಿದ ವೇದಿಕೆಯಲ್ಲಿ ಒಂದೇ ಒಂದು ಹಾರ ಹಾಕಿಕೊಂಡು ನಿಂತಿದ್ದ.

ಗುರುವಮ್ಮ ಮುಂದೆ ಬಂದಳು. ಮೈಕಿನ ಅಗತ್ಯ ಅವಳಿಗೆ ಯಾವತ್ತೂ ಇರಲಿಲ್ಲ.

"ಲೀಡ್ರೇ, ಒಂದ್ಮಾತು ಕೇಳ್ತೀನಿ, ಸಿಟ್ಟಾಗ್ಬೇಡಿ. ಜನ ಬಾಯಿಗೆ ಬಂದಂಗೆ ಮಾತಾಡ್ತಾರೆ. ಈ ಭಾನುವಾರದ ಯೋಚ್ನೆ ಯಾರ್ದು?"

ಅವಳು ಅವನನ್ನು ಉಳಿಸಲು ಬಂದಿದ್ದಳು. ನನಗೆ ಅದು ತಕ್ಷಣ ಗೊತ್ತಾಯಿತು. ಭಾನುವಾರ ಎಂದವನು ವಸ್ತಾರೆಯ ದಿನಸಿ ಅಂಗಡಿಯ ಮಗ, ಅಲ್ಲೇ ಹಣೆಯ ಮೇಲೆ ವಿಭೂತಿ ಇಟ್ಟುಕೊಂಡು ನಿಂತಿರುವ ರುದ್ರಪ್ಪ ಎಂದು ಲಾಜರ್ ಒಂದು ಮಾತು ಹೇಳಿದ್ದರೆ ಇಗರ್ಜಿಯ ಕತೆ ಅಲ್ಲೇ ಸಾಯುತ್ತಿತ್ತು. ಜನ ನಕ್ಕು, ಬೈದು, ಸಂತೆಯ ದಿನಕ್ಕೆ ರಜ ತಿರುಗಿಸಿಕೊಂಡು ಮತ್ತೆ ಅವನ ಹಿಂದೆ ಬರುತ್ತಿದ್ದರು.

ಲಾಜರ್ ನನ್ನ ಕಡೆ ತಿರುಗಿ ನೋಡಿದ. ನಾನು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡೆ. ಅದು ಸರಿಯಾಗಿಯೇ ಇತ್ತು.

"ನಂದೇ" ಎಂದ ಅವನು. "ಈ ಯೂನಿಯನ್‌ನಲ್ಲಿ ಯೋಚ್ನೆ ಮಾಡೋನು ನಾನೊಬ್ನೇ."

"ಬೇರೆ ದಿನ ಯಾಕಾಗ್ಲಿಲ್ಲ ಲೀಡ್ರೇ?"

"ನಾನು ಹೇಳಿದ್ಮೇಲೆ ಮುಗೀತು."

ಗುರುವಮ್ಮ ಸೆರಗು ಕೊಡವಿ ಸೊಂಟಕ್ಕೆ ಸಿಕ್ಕಿಸಿದಳು. "ಹಂಗಾದ್ರೆ ನಿಮ್ಮ ಭಾನುವಾರ ನೀವೇ ಇಟ್ಕಳಿ" ಎಂದು ತಿರುಗಿ ನಡೆದಳು. ಅಲ್ಲಿಯವರೆಗೆ ನಂಬದೇ ಇದ್ದವಳು ಅವತ್ತು ನಂಬಿದಳು. ಉಳಿದವರೂ ಅವಳ ಹಿಂದೆ ಹೊರಟರು.

ಜಂಭ ಅವನನ್ನು ತಿಂದಿತು, ನಾನಲ್ಲ ಎಂದು ಹೇಳಿಕೊಂಡು ಇಷ್ಟು ವರ್ಷ ಉಂಡಿದ್ದೇನೆ, ಮಲಗಿದ್ದೇನೆ. ಸುಳ್ಳೇನಲ್ಲ. ಸೋಲಿನಲ್ಲೂ ಇನ್ನೊಬ್ಬನಿಗೆ ಪಾಲು ಕೊಡುವ ಮನುಷ್ಯ ಅವನಾಗಿರಲಿಲ್ಲ. ಆದರೆ ಹೇಳುವ ಮೊದಲು ನನ್ನ ಕಡೆ ನೋಡಿದನಲ್ಲ, ಆ ನೋಟ ಜಂಭದ್ದಾಗಿರಲಿಲ್ಲ. ನಾನು ಬಾಯಿ ಬಿಡಲಿ ಎಂದು ಕಾದ. ಬಿಡಲಿಲ್ಲ ಎಂದಮೇಲೆ ತನ್ನದೇ ಎಂದ.

ಟಿಕೆಟ್ ಗೌಡರ ಷಡ್ಡಕನಿಗೆ ಹೋಯಿತು. ಯೂನಿಯನ್ ಮೂರು ಹೋಳಾಯಿತು, ಒಂದೊಂದು ಸಂತೆಯ ದಿನಕ್ಕೆ ಒಂದೊಂದು. ಮೂರಕ್ಕೂ ಮೂವರು ಲೀಡರುಗಳು. ಅವರ ಮುಂದೆ ಲಾಜರ್ ಚಿನ್ನ. ಕೆಲವು ವರ್ಷದಲ್ಲಿ ಕಂಬಳಿ ನಿಂತು ಪ್ಲಾಸ್ಟಿಕ್ ಬಂತು, ಯಾರೂ ಅದನ್ನು ಯಾರ ಅಂಗಳಕ್ಕೂ ಸುರಿಯಲಿಲ್ಲ. ಈಗ ಎಲ್ಲಿಂದಲೋ ದೂರದ ರಾಜ್ಯಗಳಿಂದ ಬಂದವರು ಕಿಲೋ ಲೆಕ್ಕದಲ್ಲಿ ಕೊಯ್ಯುತ್ತಾರೆ. ಅವರಿಗೆ ಶುಕ್ರವಾರವೂ ಇಲ್ಲ, ಭಾನುವಾರವೂ ಇಲ್ಲ. ಗೌಡರು ಮಾತು ಉಳಿಸಿಕೊಂಡರು. ಅದೇ ಮಳೆಗಾಲಕ್ಕೆ ನಾನು ಬಿಳಿಮಕ್ಕಿಯ ರೈಟರ್ ಆದೆ. ರಿಟೈರಾಗುವವರೆಗೆ ಅವರದೇ ಹಂಚಿನ ಮನೆಯಲ್ಲಿದ್ದೆ. ಗುರುವಮ್ಮ ಬೆಳಿಗ್ಗೆ ನನ್ನ ಮುಂದೆ ಹಾಜರಿ ಹೇಳುವಾಗ ಬೇರೆ ಕಡೆ ನೋಡುತ್ತಿದ್ದಳು.

ಲಾಜರ್ ಕಳಸದ ಹತ್ತಿರ ಒಂದು ಸಣ್ಣ ಮನೆ ಮಾಡಿಕೊಂಡು ಹೆಂಡತಿಯ ಹೊಲಿಗೆ ಮಿಷನ್ನಿನ ಮೇಲೆ ಬದುಕಿದ. ಪ್ರತಿ ಚುನಾವಣೆಗೆ ಹಳದಿಯಾದ ಬಿಳಿ ಪ್ಯಾಂಟು ಹಾಕಿಕೊಂಡು ಯಾರದೋ ವೇದಿಕೆಯ ಪಕ್ಕ ನಿಲ್ಲುತ್ತಿದ್ದ. ಮೈಕಿನಲ್ಲಿ "ಹಿರಿಯರಾದ ಲಾಜರಣ್ಣನವರು" ಎಂದು ಕೂಗುತ್ತಿದ್ದರು, ಕುರ್ಚಿ ಕೊಡುತ್ತಿರಲಿಲ್ಲ. ಆದರೂ ಹೋಗುತ್ತಿದ್ದ. ನೋಡಿ ನಾನು ಅಸಹ್ಯಪಟ್ಟುಕೊಳ್ಳುತ್ತಿದ್ದೆ. ಅವನಿಗೆ ಬೇರೆ ಏನೂ ಉಳಿಯದಂತೆ ಮಾಡಿದವನಿಗೆ ಅಸಹ್ಯಪಡುವ ಹಕ್ಕು ಎಲ್ಲಿಂದ ಬಂತು ಎಂದು ಆಗ ಕೇಳಿಕೊಳ್ಳಲಿಲ್ಲ.

ಹೋಟೆಲಿನಿಂದ ಬಂದ ನಾಲ್ಕನೇ ದಿನ ಅವನ ಮನೆಗೆ ಹೋದೆ. ಅವನ ಹೆಂಡತಿ ಸೆವ್ರಿನ್ ಬಾಯಿ ಒಬ್ಬರೇ ಇದ್ದರು. ಕುರ್ಚಿ ಒರೆಸಿ ಕೊಟ್ಟು, ಕಾಫಿ ಮಾಡಿ ತಂದರು.

"ನೀವು ಬಂದಿದ್ದು ಒಳ್ಳೇದಾಯ್ತು ರುದ್ರಪ್ಪನೋರೇ. ಯೂನಿಯನ್‌ನೋರು ಅಂತ ಬಂದಿದ್ದು ನೀವೊಬ್ರೇ" ಎಂದರು. "ಹೋಗೋ ಹಿಂದಿನ ವಾರಾನೂ ಹೇಳ್ತಿದ್ರು. ಕಂಬಳಿ ಯಾರಾದ್ರೂ ಕೊಡಿಸ್ತಿದ್ರು ಸೆವ್ರಿನ್, ಆದ್ರೆ ತಾಯಿ ಮಕ್ಕಳು ಒಂದಿನ ಒಟ್ಟಿಗೆ ಇರ್ಲಿ ಅನ್ನೋ ಯೋಚ್ನೆ ನಂಗೊಬ್ನಿಗೇ ಬಂದಿದ್ದು ಅಂತ. ನೀವು ಜೊತೇಲಿದ್ರಲ್ಲ, ಹೌದಲ್ವಾ?"

ಸಾಯುವವರೆಗೂ ಅದನ್ನು ಬಿಟ್ಟಿರಲಿಲ್ಲ ಅವನು. ಕದ್ದದ್ದು ಎಂಬುದನ್ನೇ ಮರೆತಿದ್ದನೋ ಏನೋ.

"ಹೌದು ಬಾಯಿ. ಅವ್ರದ್ದೇ" ಎಂದೆ.

ಅಲ್ಲಿ ನಿಜ ಹೇಳಿದ್ದರೆ ಅದು ನನ್ನ ಹೆಚ್ಚುಗಾರಿಕೆಯಾಗುತ್ತಿತ್ತು. ಇಲ್ಲಿ ಬರೆಯದಿದ್ದರೆ ಹೋಟೆಲಿನವನ ಮಾತೇ ಉಳಿಯುತ್ತದೆ. ಅದಕ್ಕೇ ಅವರಿಗೆ ಹೇಳದ್ದನ್ನು ಇಲ್ಲಿ ಬರೆದಿದ್ದೇನೆ. ಆದರೆ ಉಳಿದರ್ಧವನ್ನು ಅವರ ಮುಖಕ್ಕೇ ಹೇಳಬೇಕು ಎಂದು ಬಂದಿದ್ದೆ.

"ಇಗರ್ಜಿ ಮಾತು ಶುರು ಮಾಡಿದ್ದು ನಾನು ಬಾಯಿ. ಗುರುವಮ್ಮನ ಕಿವೀಲಿ ಹಾಕಿದ್ದು ನಾನೇ."

ಅವರಿಗೆ ಮೊದಲು ಅರ್ಥವಾಗಲಿಲ್ಲ. ಇನ್ನೊಂದು ಸಲ, ಬಿಡಿಸಿ ಹೇಳಿದೆ. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೇಳಿದರು.

"ಮುಂಚೆ ವರ್ಷಕ್ಕೆ ಎರಡು ಸಲ ಆದ್ರೂ ಬರ್ತಿದ್ರು ಪೂಜೆಗೆ" ಎಂದರು ಕೊನೆಗೆ. "ಅದಾದ್ಮೇಲೆ ಇಗರ್ಜಿ ಮೆಟ್ಲು ಹತ್ತಲಿಲ್ಲ. ಹೋದ್ರೆ ಜನ ನಿಜ ಅಂದ್ಕೊಳ್ತಾರೆ ಅಂತ. ಮಗಳ ಮದುವೆಗೂ ಹೊರಗೇ ನಿಂತಿದ್ರು. ಕೊನೇಲಿ ಫಾದರ್ ಸಾಯೋರಿಗೆ ಪ್ರಾರ್ಥನೆ ಮಾಡಿ ಹಚ್ಚೋ ಎಣ್ಣೆ ಹಚ್ಚಕ್ಕೆ ಮನೆಗೇ ಬಂದ್ರೆ ಗೋಡೆ ಕಡೆ ತಿರುಗಿ ಮಲಗಿದ್ರು. ನಾನು ಕಾಲು ಹಿಡ್ಕೊಂಡೆ. ಬೇಡ ಸೆವ್ರಿನ್, ನೋಡಿದೋರು ಏನಂತಾರೆ ಅಂದ್ರು."

ನನಗೆ ಇದು ಗೊತ್ತಿರಲಿಲ್ಲ.

ಅವರು ಎದ್ದು ಬಂದು ನನ್ನ ಕೈಯಿಂದ ಲೋಟ ತೆಗೆದುಕೊಂಡರು. ಅದರಲ್ಲಿ ಇನ್ನೂ ಅರ್ಧ ಕಾಫಿ ಇತ್ತು. ಅಂಗಳಕ್ಕೆ ಹೋಗಿ ಚೆಲ್ಲಿ, ಲೋಟವನ್ನು ಒಗೆಯುವ ಕಲ್ಲಿನ ಮೇಲೆ ಬೋರಲು ಹಾಕಿ ಬಂದು ಬಾಗಿಲಲ್ಲಿ ನಿಂತರು.

"ನಿಮಗೆ ಬಸ್ಸಿಗೆ ಹೊತ್ತಾಯ್ತು" ಎಂದರು.

ಬಸ್ಸಿಗೆ ಇನ್ನೂ ಒಂದೂವರೆ ಗಂಟೆ ಇತ್ತು. ಅದು ಅವರಿಗೂ ಗೊತ್ತಿತ್ತು. ಹೌದು ಎಂದು ಎದ್ದೆ.